ಗೆರೆ ಎಳೆದ ಸಾಲು ಹೊರಗೆ ಬರಬೇಕು: ನಾನು ಇ-ರೀಡರ್ ಆರಿಸಿದ ಬಗೆ

ಇ-ಪುಸ್ತಕ ಓದುವ ಯಂತ್ರ, ಅಂದರೆ ಇ-ರೀಡರ್, ಯಾವುದು ತಗೊಳ್ಳಲಿ ಅಂತ ಯಾರನ್ನಾದರೂ ಕೇಳಿ ನೋಡಿ. ಪರದೆ ಎಷ್ಟು ಇಂಚು, ಬ್ಯಾಟರಿ ಎಷ್ಟು ದಿನ, ನೀರು ಬಿದ್ದರೆ ತಡೆಯುತ್ತಾ ಅನ್ನೋ ಮಾತೇ ಮೊದಲು ಬರುತ್ತದೆ. ನನಗೆ ಬೇಕಿದ್ದದ್ದು ಬೇರೆ. ಓದುವಾಗ ಹೈಲೈಟ್ ಮಾಡಿದ ಸಾಲು, ಅದರ ಪಕ್ಕ ನಾನು ಬರೆದ ನಾಲ್ಕು ಮಾತು, ಯಾವ ಪುಟ ಅನ್ನೋ ಗುರುತು, ಇಷ್ಟೂ ಒಟ್ಟಿಗೆ ನನ್ನ ಲ್ಯಾಪ್‌ಟಾಪಿಗೆ ಬರಬೇಕು. ಇಂಗ್ಲಿಷ್ ಪುಸ್ತಕದ್ದು ಮಾತ್ರ ಬಂದರೆ ಸಾಲದು. ಕನ್ನಡದ್ದೂ ಬರಬೇಕು, ಒತ್ತಕ್ಷರ ಮುರಿಯದೆ ಬರಬೇಕು.

ಯಾಕೆ ಇಷ್ಟು ಹಟ ಅಂದರೆ, ನಾನು ಬೆಂಗಳೂರಿನ ಕೆರೆಗಳ ಬಗ್ಗೆ ಬರೆಯುತ್ತೇನೆ. ಆಫೀಸು ಮುಗಿದ ಮೇಲೆ, ಶನಿವಾರ ಭಾನುವಾರ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ ಇತ್ತು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಯಾವ ಶಾಸನದಲ್ಲಿ ಯಾವ ಕೆರೆಯ ಹೆಸರು ಬಂದಿದೆ, ಯಾರು ಕಟ್ಟಿಸಿದರು, ತೂಬಿಗೆ ಎಷ್ಟು ಭೂಮಿ ಬಿಟ್ಟರು ಅನ್ನೋದನ್ನು ಬರೆಯುವಾಗ ಆಧಾರ ಕೊಡಬೇಕು. ಆಧಾರ ಬೇಕೆಂದರೆ ಎಂದೋ ಓದಿದ ಸಾಲು ಇವತ್ತು ಕೈಗೆ ಸಿಗಬೇಕು. ಕಾಗದದ ಪುಸ್ತಕಗಳಲ್ಲಿ ಪೆನ್ಸಿಲ್ ಗುರುತು ಹಾಕಿಟ್ಟಿದ್ದೆ, ಫೋನಿನಲ್ಲಿ ಸ್ಕ್ರೀನ್‌ಶಾಟ್ ತುಂಬಿಕೊಂಡಿದ್ದೆ. ಹುಡುಕುವುದಕ್ಕೆ ಎರಡೂ ಸುಖ ಇಲ್ಲ.

ಮೊದಲ ತೊಂದರೆ ಏನೆಂದರೆ, ಇ-ರೀಡರನ್ನು ಕೈಯಲ್ಲಿ ಹಿಡಿದು ನೋಡುವ ಅಂಗಡಿಯೇ ನನಗೆ ಸಿಗಲಿಲ್ಲ. ಎಸ್‌ಪಿ ರೋಡಿನಲ್ಲಿ ಸುತ್ತಿದೆ. ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಕೇಬಲ್, ಏನು ಕೇಳಿದರೂ ಇದೆ. ಇ-ರೀಡರ್ ಅಂದರೆ "ಆನ್‌ಲೈನಲ್ಲಿ ನೋಡಿ ಮೇಡಂ" ಅಂದುಬಿಡುತ್ತಾರೆ. ಹಾಗಾಗಿ ಇರುವವರ ಕೈಯಿಂದಲೇ ತಗೊಂಡು ನೋಡಬೇಕಾಯಿತು.

ಆಫೀಸಿನ ಗೆಳತಿ ತನ್ನ ಅಮೆಜಾನ್ ಇ-ರೀಡರ್, ಕಿಂಡಲ್ ಪೇಪರ್‌ವೈಟ್ ಕೊಟ್ಟಳು. "ಇಟ್ಕೊಳ್ಳೇ, ನಾನೀಗ ಓದೋದು ಅಷ್ಟರಲ್ಲೇ ಇದೆ" ಅಂದಳು. ಅದನ್ನು ಹಿಡಿದು ಬನಶಂಕರಿಯಿಂದ ಮೆಟ್ರೋದಲ್ಲಿ ಹೋಗುತ್ತಾ ಬರುತ್ತಾ ಒಂದೆರಡು ಇಂಗ್ಲಿಷ್ ಪುಸ್ತಕ ಓದಿದೆ. ಓದುವುದಕ್ಕೆ ಅದರಷ್ಟು ಹಿತವಾದದ್ದು ಇಲ್ಲ, ಇದನ್ನು ಮನಸಾರೆ ಹೇಳುತ್ತೇನೆ. ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದು ಕೈಯಲ್ಲಿ ಪುಟ ತಿರುಗಿಸಬಹುದು. ಸಾಲಿನ ಮೇಲೆ ಬೆರಳು ಒತ್ತಿ ಎಳೆದರೆ ಹೈಲೈಟ್ ಆಯಿತು. ಸಾಲು ಮುಂದಿನ ಪುಟಕ್ಕೆ ಹೋಗಿದ್ದರೆ ಬೆರಳನ್ನು ಮೂಲೆಗೆ ಎಳೆದು ಹಿಡಿದರೆ ಅಲ್ಲಿಗೂ ಹೋಗುತ್ತದೆ.

ಆಮೇಲೆ ಹೊರಗೆ ತರುವ ವಿಷಯ. ಕಿಂಡಲ್‌ನಲ್ಲಿ ಇದಕ್ಕೆ ಹಲವು ದಾರಿಗಳಿವೆ. ಯುಎಸ್‌ಬಿ ಕೇಬಲ್ ಹಾಕಿದರೆ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ 'ಮೈ ಕ್ಲಿಪಿಂಗ್ಸ್' ಅನ್ನೋ ಒಂದು ಟೆಕ್ಸ್ಟ್ ಫೈಲ್ ಸಿಗುತ್ತದೆ. ಆ ಯಂತ್ರದಲ್ಲಿ ಮಾಡಿದ ಎಲ್ಲ ಪುಸ್ತಕಗಳ ಹೈಲೈಟ್, ನೋಟ್ ಎಲ್ಲ ಅದರಲ್ಲೇ, ಮಾಡಿದ ದಿನದ ಕ್ರಮದಲ್ಲಿ ಇರುತ್ತವೆ. ಪುಸ್ತಕದ ಹೆಸರು, ಪುಟ ಅಥವಾ ಲೊಕೇಶನ್ (ಪುಟದ ಬದಲು ಕಿಂಡಲ್ ಕೊಡುವ ಜಾಗದ ಸಂಖ್ಯೆ), ತಾರೀಕು, ಆಮೇಲೆ ಸಾಲು, ಕೊನೆಗೆ ಸಮ ಚಿಹ್ನೆಗಳ ಒಂದು ಗೆರೆ. ಸರಳವಾದ ಫೈಲ್, ಎಲ್ಲಿ ಬೇಕಾದರೂ ತೆರೆಯುತ್ತದೆ. ಆದರೆ ಅದು ಬರೀ ಸೇರಿಸುತ್ತಾ ಹೋಗುವ ಫೈಲ್. ಹೈಲೈಟನ್ನು ಒಂದು ಪದ ಹಿಂದೆ ಮುಂದೆ ಸರಿಸಿದರೆ ಹಳೆಯದೂ ಇರುತ್ತದೆ, ಹೊಸದೂ ಇರುತ್ತದೆ. ಅಳಿಸಿದ್ದು ಕೂಡ ಹೋಗುವುದಿಲ್ಲ. ನನ್ನ ಹಾಗೆ ಗೆರೆ ಎಳೆದು ತಿದ್ದಿ ಮತ್ತೆ ಎಳೆಯುವವರಿಗೆ ಆ ಫೈಲನ್ನು ಸ್ವಚ್ಛ ಮಾಡುವುದೇ ಒಂದು ಕೆಲಸ. 2024ರ ನಂತರದ ಕಿಂಡಲ್‌ಗಳು ಕಂಪ್ಯೂಟರಿಗೆ ಪೆನ್ ಡ್ರೈವ್ ತರ ಕಾಣುವುದಿಲ್ಲ, ಎಂಟಿಪಿ ಅನ್ನೋ ಬೇರೆ ಬಗೆಯಲ್ಲಿ ಮಾತಾಡುತ್ತವೆ. ವಿಂಡೋಸಿನಲ್ಲಿ ತೊಂದರೆ ಇಲ್ಲ, ಮ್ಯಾಕಿನಲ್ಲಿ ಬೇರೆ ಸಾಫ್ಟ್‌ವೇರ್ ಬೇಕು.

ಎರಡನೇ ದಾರಿ, ಕಿಂಡಲ್ ಅಂಗಡಿಯಿಂದಲೇ ಕೊಂಡ ಪುಸ್ತಕಗಳಿಗೆ ಅಮೆಜಾನಿನ ನೋಟ್‌ಬುಕ್ ಪುಟ. ಬ್ರೌಸರಿನಲ್ಲಿ ತೆರೆದರೆ ಪುಸ್ತಕವಾರು ಹೈಲೈಟ್‌ಗಳು ಅಚ್ಚುಕಟ್ಟಾಗಿ ಕಾಣುತ್ತವೆ. ಕಿಂಡಲ್ ಆ್ಯಪಿನಿಂದ ಇಮೇಲಿಗೂ ಕಳಿಸಿಕೊಳ್ಳಬಹುದು. ಆಗ ಆಧಾರದ ಉಲ್ಲೇಖ ಯಾವ ಶೈಲಿಯಲ್ಲಿ ಬೇಕು ಅಂತಲೂ ಕೇಳುತ್ತದೆ. ಒಂದೇ ಕೊರತೆ, ಎಷ್ಟು ಭಾಗ ಹೊರಗೆ ಹೋಗಬಹುದು ಅಂತ ಪ್ರಕಾಶಕರು ಮಿತಿ ಇಡಬಹುದು. ಸಾಮಾನ್ಯವಾಗಿ ಪುಸ್ತಕದ ನೂರಕ್ಕೆ 10ರಷ್ಟು. ಆ ಗಡಿ ದಾಟಿದರೆ ಪುಸ್ತಕದೊಳಗೆ ಹೈಲೈಟ್ ಕಾಣುತ್ತಿರುತ್ತದೆ, ಎಕ್ಸ್‌ಪೋರ್ಟ್ ಮಾಡಿದಾಗ ಮಾತ್ರ ಆ ಸಾಲು ಇರುವುದಿಲ್ಲ. ಕಥೆ ಕಾದಂಬರಿ ಓದುವವರಿಗೆ ಇದು ಗೊತ್ತೇ ಆಗಲಿಕ್ಕಿಲ್ಲ. ಆಧಾರ ಗ್ರಂಥ ಓದುವವರು ಬೇಗ ಆ ಗಡಿಗೆ ಬರುತ್ತಾರೆ.

ಇಷ್ಟೆಲ್ಲ ಇಂಗ್ಲಿಷಿನ ಮಾತಾಯಿತು. ಕನ್ನಡದ್ದು ಬೇರೆಯೇ ಲೋಕ. 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿಗೆ ಭಾರತದ ಭಾಷೆಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನನಗೆ ಆಗಲೂ ಬೇಜಾರಾಗಿತ್ತು, ಇವತ್ತು ಬರೆಯುವಾಗಲೂ ಬೇಜಾರೇ. ಇ-ಪುಸ್ತಕ ಓದುವ ಕನ್ನಡಿಗರು ಕಡಿಮೆ ಅಂತ ಯಾರಾದರೂ ಹೇಳಿದರೆ, ಓದುವುದಕ್ಕೆ ಎಲ್ಲಿ ಸಿಗುತ್ತಿತ್ತು ಅಂತ ಕೇಳಬೇಕು ಅಲ್ವಾ. ಈಗ ಕನ್ನಡ ಇ-ಪುಸ್ತಕಗಳು ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಸಿಗುತ್ತವೆ, ನಮ್ಮ ಬೆಂಗಳೂರಿನದೇ ಆದ ಮೈಲ್ಯಾಂಗ್ ಆ್ಯಪಿನಲ್ಲಿ ಸಿಗುತ್ತವೆ. ಎರಡನ್ನೂ ನಾನು ಓದುವುದು ಆ್ಯಂಡ್ರಾಯ್ಡ್ ಆ್ಯಪಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ನನ್ನ ತೀರ್ಮಾನ ನಿಂತದ್ದು ಬಹುಪಾಲು ಇದರ ಮೇಲೇ.

ಬೇರೆ ಬೇರೆ ಯಂತ್ರ ನೋಡುವಾಗ ಎಲ್ಲಕ್ಕೂ ಒಂದೇ ಪರೀಕ್ಷೆ ಇಡಬೇಕು ಅನ್ನಿಸಿತು. ಅದಕ್ಕೇ ಕ್ಯಾಲಿಬರ್ ಸಾಫ್ಟ್‌ವೇರಿನಲ್ಲಿ ಒಂದು ಸಣ್ಣ ಇ-ಪಬ್ ಫೈಲ್ (ಇ-ಪುಸ್ತಕಗಳ ಸಾಮಾನ್ಯ ರೂಪ) ಮಾಡಿಕೊಂಡೆ. ಕ್ಯಾಲಿಬರ್ ಬಗ್ಗೆ ಗೊತ್ತಿಲ್ಲದವರಿಗೆ: ಕೋವಿದ್ ಗೋಯಲ್ ಅವರು 2006ರಲ್ಲಿ ಶುರು ಮಾಡಿದ, ಇವತ್ತಿಗೂ ಉಚಿತವಾಗಿ ಸಿಗುವ ಇ-ಪುಸ್ತಕ ಸಾಫ್ಟ್‌ವೇರ್. ಇ-ರೀಡರ್ ಇರುವವರ ಮನೆಯ ಕಂಪ್ಯೂಟರಿನಲ್ಲಿ ಇದು ಇರಲೇಬೇಕು. ನನ್ನ ಪರೀಕ್ಷೆಯ ಫೈಲಿನಲ್ಲಿ ಎರಡೇ ಪುಟ ಕನ್ನಡ. ರಾಷ್ಟ್ರೀಯ, ಶಾಸ್ತ್ರ, ಜ್ಯೋತ್ಸ್ನೆ, ಲಕ್ಷ್ಮೀ, ಅರ್ಕಾವತಿ, ಕೋಟೆ, ತೂಬು, ಕಾಲುವೆ, ಇಂಥ ಪದಗಳಿರುವ ವಾಕ್ಯಗಳು. ಎರಡೆರಡು ಒತ್ತು, ಅರ್ಕಾವೊತ್ತು, ಓತ್ವ ದೀರ್ಘ ಎಲ್ಲ ಬರಬೇಕು. ಯಾವುದೇ ಯಂತ್ರಕ್ಕೆ ಹಾಕಿ ನಾನು ಮಾಡುತ್ತಿದ್ದದ್ದು ಇಷ್ಟೇ: ಅಕ್ಷರ ಸರಿಯಾಗಿ ಕಾಣುತ್ತಾ ನೋಡುವುದು, ಎರಡು ಪುಟಕ್ಕೆ ಹರಡಿದ ಒಂದು ವಾಕ್ಯ ಹೈಲೈಟ್ ಮಾಡುವುದು, ಕನ್ನಡದಲ್ಲೇ ಒಂದು ನೋಟ್ ಬರೆಯಲು ನೋಡುವುದು, ಎಲ್ಲವನ್ನೂ ಹೊರಗೆ ತಂದು ಲ್ಯಾಪ್‌ಟಾಪಿನಲ್ಲಿ 'ಅರ್ಕಾವತಿ' ಅಂತ ಹುಡುಕುವುದು. ಹುಡುಕಿದಾಗ ಸಿಕ್ಕಿದರೆ ಪಾಸು.

ಇದು ಬಹಳ ಉಪಯೋಗಕ್ಕೆ ಬಂತು. ಒಂದು ರೀಡರಿನಲ್ಲಿ (ಯಾವುದು ಅಂತ ಹೇಳುವುದು ಬೇಡ) ಪರದೆಯ ಮೇಲೆ ಒತ್ತುಗಳೆಲ್ಲ ಬಿಚ್ಚಿಕೊಂಡು ಪಕ್ಕಪಕ್ಕ ಕೂತಿದ್ದವು, ಓದಲಾಗುತ್ತಿರಲಿಲ್ಲ. ಆದರೆ ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ಅದೇ ಸಾಲು ಮುತ್ತಿನಂತೆ ಸರಿಯಾಗಿತ್ತು. ಇನ್ನೊಂದು ಕಡೆ, ಒಂದು ಪಿಡಿಎಫ್ ತೆರೆದಾಗ ಪರದೆಯ ಮೇಲೆ ಎಲ್ಲ ಸೊಗಸಾಗಿದೆ, ಹೊರಗೆ ಬಂದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕಣ್ಣಿಗೆ ಕಾಣುವುದು ಬೇರೆ, ಒಳಗಿರುವ ಅಕ್ಷರ ಬೇರೆ ಅಂತ ಆಗ ಚೆನ್ನಾಗಿ ಅರ್ಥವಾಯಿತು.

ಈ ಪಿಡಿಎಫ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕನ್ನಡದಲ್ಲಿ ಓದಿ ಟಿಪ್ಪಣಿ ಮಾಡುವ ಎಲ್ಲರಿಗೂ ಇದು ಎದುರಾಗುತ್ತದೆ. ಕನ್ನಡ ಪಿಡಿಎಫ್‌ಗಳು ನನಗೆ ಸಿಕ್ಕಿದ್ದು ಮೂರು ಬಗೆ. ಮೊದಲನೆಯದು ನುಡಿ, ಬರಹ ಕಾಲದ ಹಳೆಯ ಫಾಂಟುಗಳಲ್ಲಿ ಡಿಟಿಪಿ ಮಾಡಿದ್ದು. ಇಲ್ಲಿ ಫೈಲಿನೊಳಗೆ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಮುದ್ರಣಕ್ಕೆ ಏನೂ ತೊಂದರೆ ಇಲ್ಲ, ಆದರೆ ಹೈಲೈಟ್ ಮಾಡಿ ಹೊರಗೆ ತಂದರೆ ಒಂದಕ್ಷರ ಓದಲಾಗುವುದಿಲ್ಲ. ಅದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಕನ್ನಡ ಅಕ್ಷರಗಳಿಗೆ, ಬದಲಾಯಿಸುವ ಪರಿವರ್ತಕಗಳು ಇವೆ, ಅವುಗಳಲ್ಲಿ ಹಾಕಿದರೆ ಬಹುಪಾಲು ಸರಿಯಾಗುತ್ತದೆ. ಎರಡನೆಯದು ಯೂನಿಕೋಡಿನಲ್ಲೇ ಮಾಡಿದ ಪಿಡಿಎಫ್. ಇದು ಸಲೀಸು ಅಂದುಕೊಳ್ಳುತ್ತೇವೆ. ಆದರೆ ಪಿಡಿಎಫ್ ಆಕಾರಗಳನ್ನು ಪುಟದ ಮೇಲೆ ಎಲ್ಲಿ ಕೂರಿಸಬೇಕು ಅಂತ ನೆನಪಿಟ್ಟುಕೊಳ್ಳುವ ಫೈಲು. ಹಾಗಾಗಿ ಕೆಲವೊಮ್ಮೆ ಒತ್ತು ಹಿಂದೆ ಮುಂದೆ ಆಗುತ್ತದೆ, ಓತ್ವ ಕಳಚುತ್ತದೆ. ಮೂರನೆಯದು ಸ್ಕ್ಯಾನ್. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳು ಬಹುತೇಕ ಇದೇ. ಅದು ಪುಟದ ಚಿತ್ರ. ಹೈಲೈಟ್ ಮಾಡಿದರೆ ಚಿತ್ರದ ಮೇಲೆ ಬಣ್ಣ ಬಳಿದ ಹಾಗೆ, ಪದಗಳು ಹೊರಗೆ ಬರುವುದಿಲ್ಲ. ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡವನ್ನೂ ಗುರುತಿಸಿ ಅಕ್ಷರ ಮಾಡಿಕೊಡುತ್ತದೆ. ಹೊಸಗನ್ನಡ ಮುದ್ರಣವಾದರೆ ಪರವಾಗಿಲ್ಲ. ಹಳಗನ್ನಡದ ಱ, ೞ ಬಂದ ಕಡೆ ನನಗೆ ತಪ್ಪುಗಳು ಸಿಕ್ಕಿವೆ, ಅಲ್ಲಿ ಮೂಲ ನೋಡಿ ತಿದ್ದಲೇಬೇಕು.

ನಾನು ಜಾಸ್ತಿ ತೆರೆಯುವುದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 9ನೇ ಸಂಪುಟ, ಬೆಂಗಳೂರು ಜಿಲ್ಲೆಯ ಶಾಸನಗಳು, 1905ರದ್ದು. ಅದೂ ಸ್ಕ್ಯಾನೇ. ದೊಡ್ಡ ಪುಟ, ಸಣ್ಣ ಅಕ್ಷರ. ಗೆಳತಿಯ ಕಿಂಡಲಿನಲ್ಲಿ ಅದನ್ನು ತೆರೆದು ನೋಡಿದಾಗ ಒಂದು ವಿಷಯ ಖಚಿತವಾಯಿತು. ಆರೇಳು ಇಂಚಿನ ಪರದೆಯಲ್ಲಿ ಇಂಥ ಪುಟ ಓದುವುದೆಂದರೆ ಹಿಗ್ಗಿಸುವುದು, ಸರಿಸುವುದು, ಮತ್ತೆ ಹಿಗ್ಗಿಸುವುದು. ಇ-ಇಂಕ್ ಪರದೆ (ಕಾಗದದಂತೆ ಕಾಣುವ, ಇ-ರೀಡರುಗಳಲ್ಲಿ ಇರುವ ಪರದೆ) ಪ್ರತಿ ಸಲ ತಡೆದು ತಡೆದು ಬದಲಾಗುತ್ತದೆ, ಓದಿನ ಲಯವೇ ಹೋಗುತ್ತದೆ.

ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಸುಮ್ಮನೆ ಕೂತು ಓದುವವರ ಗುಂಪು ಸೇರುತ್ತದಲ್ಲ, ಕಬ್ಬನ್ ರೀಡ್ಸ್ ಅಂತ, 2023ರಲ್ಲಿ ಶುರುವಾದದ್ದು. ನನಗೆ ನಿಜವಾದ ಸಹಾಯ ಸಿಕ್ಕಿದ್ದು ಅಲ್ಲಿ. ಮರದ ಕೆಳಗೆ ಚಾಪೆ ಹಾಸಿಕೊಂಡು ಒಬ್ಬ ನಿವೃತ್ತ ಅಧ್ಯಾಪಕರು ಓದುತ್ತಿದ್ದರು, ಕೈಯಲ್ಲಿ ಕೋಬೋ. ಮಗಳು ಕೆನಡಾದಿಂದ ತಂದು ಕೊಟ್ಟದ್ದಂತೆ. ಕೋಬೋ ಅಲ್ಲಿನದೇ ಕಂಪನಿ, ಟೊರಾಂಟೋದ್ದು. ಎಲ್ಲರೂ ಓದಿ ಎದ್ದ ಮೇಲೆ ಹತ್ತಿರ ಹೋಗಿ ಕೇಳಿದೆ.

"ಸರ್, ಇದರಲ್ಲಿ ಹೈಲೈಟ್ ಮಾಡಿದ್ದನ್ನ ಹೊರಗೆ ತೆಗೀಬಹುದಾ?"

"ಕೂತ್ಕೊಳ್ಳಮ್ಮ, ತೋರಿಸ್ತೀನಿ. ಎರಡು ದಾರಿ ಇದೆ, ಎರಡೂ ಒಳ್ಳೇದೇ."

ಕೋಬೋದಲ್ಲಿ ಹೈಲೈಟ್‌ಗಳೆಲ್ಲ ಒಂದು ಡೇಟಾಬೇಸ್ ಫೈಲಿನಲ್ಲಿ ಕೂರುತ್ತವೆ, ಕಂಪ್ಯೂಟರಿಗೆ ಸಿಕ್ಕಿಸಿದರೆ ಮರೆಯಾಗಿರುವ ಒಂದು ಫೋಲ್ಡರಿನಲ್ಲಿ ಅದು ಸಿಗುತ್ತದೆ. ಅದೇ ಫೋಲ್ಡರಿನೊಳಗೆ ಇರುವ ಸೆಟ್ಟಿಂಗ್ಸ್ ಫೈಲಿನಲ್ಲಿ, ಫೀಚರ್‌ಸೆಟ್ಟಿಂಗ್ಸ್ ಅನ್ನೋ ತಲೆಬರಹದ ಕೆಳಗೆ, ಎಕ್ಸ್‌ಪೋರ್ಟ್‌ಹೈಲೈಟ್ಸ್ ಅನ್ನೋದನ್ನು ಟ್ರೂ ಅಂತ ಒಂದು ಸಾಲು ಬರೆದರೆ, ಯಂತ್ರದಲ್ಲೇ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಮೂಡುತ್ತದೆ. ಆಮೇಲೆ ಪುಸ್ತಕವಾರು ಟೆಕ್ಸ್ಟ್ ಫೈಲ್ ಸಿಗುತ್ತದೆ. ಇದು ಮೊದಲ ದಾರಿ. ಎರಡನೆಯದು ಅವರು ಹಾಕಿಕೊಂಡಿದ್ದ ಕೋರೀಡರ್. ಇದು ಪುಸ್ತಕ ಓದಲು ಬಳಸುವ ಉಚಿತ, ಮುಕ್ತ ತಂತ್ರಾಂಶ. ಕೋಬೋದಲ್ಲಿ ನಡೆಯುತ್ತದೆ, ಪಾಕೆಟ್‌ಬುಕ್‌ನಲ್ಲಿ ನಡೆಯುತ್ತದೆ, ಆ್ಯಂಡ್ರಾಯ್ಡಿನಲ್ಲಿ ನಡೆಯುತ್ತದೆ, ಕಂಪನಿ ಹಾಕಿದ ಬೀಗ ಒಡೆದ ಕಿಂಡಲಿನಲ್ಲೂ ನಡೆಯುತ್ತದೆ.

ಮುಂದಿನ ಶನಿವಾರ ನನ್ನ ಪರೀಕ್ಷೆಯ ಫೈಲನ್ನು ಅವರ ಕೋಬೋಗೆ ಹಾಕಿ ಕೋರೀಡರಿನಲ್ಲಿ ತೆರೆದೆವು. ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿದ್ದರು. ರಾಷ್ಟ್ರೀಯ ಸರಿಯಾಗಿದೆ, ಜ್ಯೋತ್ಸ್ನೆ ಸರಿಯಾಗಿದೆ, ಅರ್ಕಾವತಿಯ ಅರ್ಕಾವೊತ್ತು ಅದರ ಜಾಗದಲ್ಲೇ ಇದೆ. ಹೈಲೈಟ್ ಮಾಡಿ ಮಾರ್ಕ್‌ಡೌನ್ ರೂಪದಲ್ಲಿ (ಸಾದಾ ಟೆಕ್ಸ್ಟ್ ಫೈಲೇ, ತಲೆಬರಹಗಳಿಗೆ ಗುರುತು ಇರುತ್ತದೆ) ಎಕ್ಸ್‌ಪೋರ್ಟ್ ಕೊಟ್ಟರು. ಅಧ್ಯಾಯದ ಹೆಸರು, ಪುಟ, ಸಮಯ, ಸಾಲು, ನೋಟ್. ಹುಡುಕಿದರೆ ಸಿಕ್ಕಿತು. ನನಗೆ ಆದ ಸಂತೋಷ ನೋಡಿ ಅವರೂ ನಕ್ಕರು. "ಮೊದಲು ಸಾಫ್ಟ್‌ವೇರ್ ಆರಿಸಮ್ಮ, ಆಮೇಲೆ ಡಬ್ಬಿ" ಅಂದರು. ನಾನು ಅಲ್ಲಿಯವರೆಗೆ ಯಂತ್ರಗಳನ್ನೇ ಹೋಲಿಸಿ ನೋಡುತ್ತಿದ್ದೆ. ಅವರ ಮಾತಿನಿಂದ ಹುಡುಕಾಟದ ದಿಕ್ಕು ಬದಲಾಯಿತು.

ಕೋರೀಡರ್ ಖಚಿತವಾದ ಮೇಲೆ ಉಳಿದದ್ದು ಯಂತ್ರ. ಕೋಬೋ ನನಗೆ ತುಂಬ ಇಷ್ಟವಾಗಿತ್ತು. 2024ರಲ್ಲಿ ಬಂದ ಲಿಬ್ರಾ ಕಲರಿನಲ್ಲಿ ಪುಟ ತಿರುಗಿಸಲು ಗುಂಡಿಗಳಿವೆ, ಬಣ್ಣದ ಹೈಲೈಟ್ ಇದೆ. ಆದರೆ ಏಳು ಇಂಚು, ಮತ್ತೆ ಅದರಲ್ಲಿ ಆ್ಯಂಡ್ರಾಯ್ಡ್ ಆ್ಯಪ್‌ಗಳು ಹಾಕಲಾಗುವುದಿಲ್ಲ. ಅಂದರೆ ನಾನು ದುಡ್ಡು ಕೊಟ್ಟು ಕೊಂಡ ಕನ್ನಡ ಪುಸ್ತಕಗಳು ಫೋನಿನಲ್ಲೇ ಉಳಿಯುತ್ತವೆ. ಶಾಸನದ ಸಂಪುಟವೂ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಜೊತೆಗೆ ಇಲ್ಲಿ ರಿಪೇರಿ ಅಂತ ಬಂದರೆ ಹತ್ತಿರದಲ್ಲಿ ಯಾರ ಹತ್ತಿರ ಹೋಗಲಿ?

ಬಣ್ಣದ ಬಗ್ಗೆ ಕೂಡ ಸಾಕಷ್ಟು ಯೋಚಿಸಿದೆ. ಈಗಿನ ಬಣ್ಣದ ಇ-ಇಂಕ್ ಪರದೆ, ಕಲೈಡೋ 3 ಅಂತಾರೆ, ಕಪ್ಪುಬಿಳುಪಿಗೆ ಇಂಚಿಗೆ 300 ಚುಕ್ಕಿ, ಬಣ್ಣಕ್ಕೆ 150. ಹಿನ್ನೆಲೆ ಸ್ವಲ್ಪ ಮಬ್ಬು. ಹಳದಿ ಅಂದರೆ ಆಧಾರ, ಹಸಿರು ಅಂದರೆ ಸ್ಥಳದ ಹೆಸರು, ಕೆಂಪು ಅಂದರೆ ಅನುಮಾನ ಅಂತ ಬಣ್ಣದಲ್ಲಿ ವಿಂಗಡಿಸುವ ಆಸೆ ನನಗೂ ಇತ್ತು. ಆದರೆ ಸಾದಾ ಟೆಕ್ಸ್ಟ್ ಫೈಲಿಗೆ ಬಂದಾಗ ಬಣ್ಣ ಉಳಿಯುವುದಿಲ್ಲ. ಪದ ಉಳಿಯುತ್ತದೆ. ಅದಕ್ಕೇ ಬಣ್ಣ ಬಿಟ್ಟು, ನೋಟಿನಲ್ಲೇ #ಕೆರೆ, #ತೂಬು, #ಅನುಮಾನ ಅಂತ ಒಂದು ಪದ ಬರೆಯುವ ರೂಢಿ ಮಾಡಿಕೊಂಡೆ. ಕನ್ನಡಕ್ಕೆ ಇದು ಇನ್ನೂ ಹೆಚ್ಚು ಬೇಕು. ಪಠ್ಯದಲ್ಲಿ 'ಕೆರೆ' ಅಂತ ಹುಡುಕಿದರೆ ಕೆರೆಯ, ಕೆರೆಗೆ ಎಲ್ಲ ಸಿಗುತ್ತದೆ, ಹೆಗ್ಗೆರೆ ಸಿಗುವುದಿಲ್ಲ, ಕಟ್ಟೆ ಸಿಗುವುದಿಲ್ಲ, ಕುಂಟೆ ಸಿಗುವುದಿಲ್ಲ. ನಾನೇ ಹಾಕಿದ ಗುರುತು ಇದ್ದರೆ ಎಲ್ಲ ಒಂದೇ ಸಲಕ್ಕೆ ಬರುತ್ತವೆ.

ಹಾಗೆ ನೋಟ್ ಬರೆಯಬೇಕೆಂದರೆ ಯಂತ್ರದಲ್ಲಿ ಕನ್ನಡ ಕೀಲಿಮಣೆ ಬೇಕಲ್ಲ. ಆ್ಯಂಡ್ರಾಯ್ಡ್ ಆದರೆ ಜಿಬೋರ್ಡ್ ಹಾಕಿಕೊಂಡರೆ ಮುಗಿಯಿತು. ಕನ್ನಡ ಲಿಪಿಯಲ್ಲೇ ಒತ್ತಬಹುದು, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಮಾಡಿಸಬಹುದು. ಇಷ್ಟು ಹೊತ್ತಿಗೆ ತಕ್ಕಡಿ ಪೂರ್ತಿ ಒಂದೇ ಕಡೆ ವಾಲಿತ್ತು. ದೊಡ್ಡ ಪರದೆ, ಆ್ಯಂಡ್ರಾಯ್ಡ್, ಇ-ಇಂಕ್. ಬೂಕ್ಸ್ ಕಂಪನಿಯ ಗೋ 10.3 ಆರಿಸಿದೆ. ಇದು 10.3 ಇಂಚಿನದು, ಇಂಚಿಗೆ 300 ಚುಕ್ಕಿ, ಜೊತೆಗೆ ಪೆನ್ನು. ಇದರಲ್ಲಿ ಮುಂಬೆಳಕು ಇಲ್ಲ, ಕತ್ತಲಲ್ಲಿ ಓದಲಾಗುವುದಿಲ್ಲ. ಇದಕ್ಕೆ ಒಪ್ಪಿಕೊಳ್ಳಲು ನನಗೆ ಸ್ವಲ್ಪ ದಿನ ಹಿಡಿಯಿತು. ಆದರೆ ನಾನು ಟಿಪ್ಪಣಿ ಮಾಡುತ್ತಾ ಓದುವುದು ಮೇಜಿನ ಮುಂದೆ, ದೀಪ ಹಾಕಿಕೊಂಡು. ಬೆಳಕಿನ ಪದರ ಇಲ್ಲದ ಕಾರಣ ಅಕ್ಷರ ಕಾಗದದ ಹತ್ತಿರ ಹತ್ತಿರ ಕಾಣುತ್ತದೆ, ಕಣ್ಣಿಗೆ ಹಿತ. ರಾತ್ರಿ ಮಲಗಿ ಓದುವವರು ಬೆಳಕಿರುವ ಮಾದರಿಯನ್ನೇ ತಗೊಳ್ಳಿ.

ತರಿಸಿಕೊಳ್ಳುವಾಗ ಒಂದು ಕಿರಿಕಿರಿ ಆಯಿತು. ಮೊದಲು ಬಂದ ಪೆಟ್ಟಿಗೆಯ ಸೀಲ್ ಒಡೆದಿತ್ತು, ಪರದೆಯ ಒಂದು ಅಂಚಿನಲ್ಲಿ ಉದ್ದಕ್ಕೆ ಬಿಳಿ ಗೆರೆ. ಮಾರಾಟಗಾರರಿಗೆ ಫೋಟೋ ಕಳಿಸಿ, ನಾಲ್ಕಾರು ಸಲ ಫೋನು ಮಾಡಿ, ಬದಲಿ ತರಿಸಿಕೊಂಡೆ. ಇ-ಇಂಕ್ ಪರದೆ ಒಳಗೆ ಗಾಜು, ಬೇಗ ಒಡೆಯುತ್ತದೆ. ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಪೂರ್ತಿ ಕಪ್ಪು ಪುಟ ಒಂದು, ಪೂರ್ತಿ ಬಿಳಿ ಪುಟ ಒಂದು ತೆರೆದು ಪರದೆ ನೋಡಿ. ಹಳೆಯದು ಕೊಳ್ಳುವವರು ಹಿಂದಿನವರ ಖಾತೆ ತೆಗೆದಿದೆಯಾ ಅಂತ ಅವರೆದುರಿಗೇ ಪರೀಕ್ಷಿಸಿ.

ಸಜ್ಜು ಮಾಡಿಕೊಂಡ ಬಗೆ ಹೇಳುತ್ತೇನೆ. ಕೋರೀಡರಿನ ಫಾಂಟ್ಸ್ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಎರಡನ್ನೂ ಹಾಕಿದೆ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಇಂಗ್ಲಿಷ್ ಪುಸ್ತಕದ ನಡುವೆ ಕನ್ನಡ ಪದ ಬಂದರೆ ಬಳಸಲು ಬದಲಿ ಫಾಂಟ್ ಅಂತ ಒಂದು ಸೆಟ್ಟಿಂಗ್ ಇದೆ, ಅಲ್ಲಿ ಕನ್ನಡ ಫಾಂಟ್ ಕೊಟ್ಟೆ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಜಾಸ್ತಿ ಇಡಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಬೆರಳಿಟ್ಟು ಹೈಲೈಟ್ ಮಾಡುವಾಗ ತಪ್ಪು ಸಾಲು ಹಿಡಿಯುತ್ತದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಓದುವ ನೆಮ್ಮದಿಯಲ್ಲಿ ಅರ್ಧ ಇದೇ.

ಪುಟ ಸಂಖ್ಯೆಗೂ ಗಮನ ಕೊಡಬೇಕು. ಇ-ಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟಗಳ ಸಂಖ್ಯೆಯೇ ಬದಲಾಗುತ್ತದೆ. ಇವತ್ತು 84ನೇ ಪುಟ ಅಂತ ಬಂದದ್ದು ನಾಳೆ 97 ಆಗಬಹುದು. ಕೆಲವು ಇ-ಪಬ್‌ಗಳಲ್ಲಿ ಪ್ರಕಾಶಕರು ಮುದ್ರಿತ ಪುಸ್ತಕದ ಪುಟ ಸಂಖ್ಯೆಯನ್ನೂ ಸೇರಿಸಿರುತ್ತಾರೆ. ಕೋರೀಡರಿನಲ್ಲಿ ಅದನ್ನೇ ಬಳಸು ಅಂತ ಹೇಳಬಹುದು. ಅದು ಇಲ್ಲದ ಪುಸ್ತಕಕ್ಕೆ ನಾನು ಆಧಾರ ಕೊಡುವಾಗ ಅಧ್ಯಾಯದ ಹೆಸರು ಕೊಡುತ್ತೇನೆ, ಪುಟ ಕೊಡುವುದಿಲ್ಲ.

ಹೈಲೈಟ್‌ಗಳನ್ನು ವಾರಕ್ಕೊಮ್ಮೆ ಮಾರ್ಕ್‌ಡೌನ್ ಆಗಿ ಎಕ್ಸ್‌ಪೋರ್ಟ್ ಮಾಡಿ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಎಳೆದುಕೊಳ್ಳುತ್ತೇನೆ. ಅಬ್ಸಿಡಿಯನ್‌ನಲ್ಲಿ ತೆರೆಯುತ್ತೇನೆ, ಅದು ಟಿಪ್ಪಣಿಗಳ ಸಾಫ್ಟ್‌ವೇರ್, ಸಾದಾ ಫೋಲ್ಡರಿನಲ್ಲಿರುವ ಫೈಲುಗಳನ್ನೇ ಓದುತ್ತದೆ. ನಾಳೆ ಆ ಸಾಫ್ಟ್‌ವೇರ್ ಇಲ್ಲದೆ ಹೋದರೂ ಫೈಲು ನನ್ನ ಹತ್ತಿರ ಇರುತ್ತದೆ. ರೀಡ್‌ವೈಸ್ ತರದ ಸೇವೆಗಳು ಇದನ್ನೆಲ್ಲ ತಾವೇ ಮಾಡಿಕೊಡುತ್ತವೆ, ಆದರೆ ಚಂದಾ ಕಟ್ಟುತ್ತಲೇ ಇರಬೇಕು. ನನಗೆ ಅದು ಬೇಡವಾಯಿತು. ಕೋರೀಡರ್ ಪ್ರತಿ ಪುಸ್ತಕದ ಪಕ್ಕದಲ್ಲೇ ಒಂದು ಸಣ್ಣ ಫೋಲ್ಡರ್ ಮಾಡಿ ಹೈಲೈಟ್‌ಗಳನ್ನು ಇಡುತ್ತದೆ. ಪುಸ್ತಕದ ಜೊತೆ ಅದನ್ನೂ ನಕಲು ಮಾಡಿಟ್ಟುಕೊಂಡರೆ ಯಂತ್ರ ಹಾಳಾದರೂ ಗೆರೆಗಳು ಉಳಿಯುತ್ತವೆ.

ಸ್ಕ್ಯಾನ್ ಪುಟಗಳಿಗೆ ಬೂಕ್ಸಿನದೇ ಓದುವ ಆ್ಯಪ್ ನಿಯೋರೀಡರ್ ಬಳಸುತ್ತೇನೆ. ಪೆನ್ನಿನಿಂದ ಅಂಚಿನಲ್ಲಿ ಬರೆಯಬಹುದು, ಬರೆದದ್ದರ ಸಮೇತ ಪಿಡಿಎಫ್ ಹೊರಗೆ ಬರುತ್ತದೆ. ಶಾಸನದ ಸಂಖ್ಯೆ, ಊರಿನ ಹೆಸರು, ಕೆರೆಯ ಹೆಸರು, ಇಷ್ಟನ್ನು ಮಾತ್ರ ಪ್ರತ್ಯೇಕವಾಗಿ ಜಿಬೋರ್ಡಿನಲ್ಲಿ ಟೈಪು ಮಾಡುತ್ತೇನೆ. ಇದಕ್ಕೆ ಸಮಯ ಹಿಡಿಯುತ್ತದೆ. ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಪ್ಲೇ ಬುಕ್ಸ್‌ನಲ್ಲಿ ಓದುವ ಕನ್ನಡ ಪುಸ್ತಕಗಳಿಗೆ ಬೇರೆ ಏರ್ಪಾಟು. ಅದರ ಸೆಟ್ಟಿಂಗಿನಲ್ಲಿ ನೋಟ್ಸ್ ಮತ್ತು ಹೈಲೈಟ್‌ಗಳನ್ನು ಗೂಗಲ್ ಡ್ರೈವಿಗೆ ಉಳಿಸು ಅನ್ನೋದನ್ನು ಆನ್ ಮಾಡಿದರೆ, ಪುಸ್ತಕಕ್ಕೊಂದು ಗೂಗಲ್ ಡಾಕ್ ತಾನಾಗಿ ಆಗುತ್ತದೆ. ಗೆರೆ ಎಳೆಯುತ್ತಾ ಹೋದಂತೆ ಅಲ್ಲಿ ಸೇರುತ್ತಾ ಹೋಗುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಇ-ರೀಡರ್ ಕೊಳ್ಳದೆ ಬರೀ ಫೋನಿನಲ್ಲಿ ಓದುವವರೂ ಇವತ್ತೇ ಆನ್ ಮಾಡಿಕೊಳ್ಳಬಹುದು.

ಬ್ಯಾಟರಿ ಕಿಂಡಲಿನಷ್ಟು ಬರುವುದಿಲ್ಲ. ಕಿಂಡಲನ್ನು ವಾರಗಟ್ಟಲೆ ಮರೆತು ಬಿಡಬಹುದು, ಇದನ್ನು ಕೆಲವು ದಿನಕ್ಕೊಮ್ಮೆ ಚಾರ್ಜಿಗೆ ಹಾಕಲೇಬೇಕು. ವೈಫೈ ಆರಿಸಿಟ್ಟರೆ ಸ್ವಲ್ಪ ಹೆಚ್ಚು ಬಾಳುತ್ತದೆ. ಮೆಟ್ರೋದಲ್ಲಿ ನಿಂತು ಓದುವುದಕ್ಕೂ ಇದು ದೊಡ್ಡದು, ಕೂರಲು ಜಾಗ ಸಿಕ್ಕಿದರೆ ಮಾತ್ರ ತೆಗೆಯುತ್ತೇನೆ.

ಕಿಂಡಲ್ ವಾಪಸ್ ಕೊಡುವಾಗ ಗೆಳತಿ ಕೇಳಿದಳು, "ಹಾಗಾದ್ರೆ ನಾನೂ ಇದನ್ನ ಮಾರಿ ಅದನ್ನೇ ತಗೊಳ್ಳಲಾ?" ಅವಳು ಓದುವುದು ಇಂಗ್ಲಿಷ್ ಕಾದಂಬರಿ, ರಾತ್ರಿ ಮಲಗುವ ಮುಂಚೆ, ಅಲ್ಲೊಂದು ಇಲ್ಲೊಂದು ಸಾಲಿಗೆ ಗೆರೆ. ಬೇಡ ಕಣೇ, ನಿನಗೆ ಇದೇ ಸರಿ ಅಂದೆ. ಆದರೆ ಒಂದು ವಿಷಯ ಹೇಳಿದೆ. 2025ರ ಫೆಬ್ರವರಿ 26ರಿಂದ ಕೊಂಡ ಪುಸ್ತಕದ ಫೈಲನ್ನು ಅಮೆಜಾನ್ ತಾಣದಿಂದ ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿಯಲ್ಲಿ ಹಾಕಿಕೊಳ್ಳುವ ಅವಕಾಶ ನಿಂತಿದೆ. ಹಾಗಾಗಿ ಹೈಲೈಟ್‌ಗಳನ್ನಾದರೂ ಆಗಾಗ ತೆಗೆದು ತನ್ನ ಹತ್ತಿರ ಇಟ್ಟುಕೊಳ್ಳಲಿ ಅಂತ. ಅವಳ ಮೈ ಕ್ಲಿಪಿಂಗ್ಸ್ ಫೈಲನ್ನು ಅವಳ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಟ್ಟೆ, ಅದರಲ್ಲಿದ್ದ ನನ್ನ ಹೈಲೈಟ್‌ಗಳನ್ನು ಬೇರೆ ಮಾಡಿ ನಾನು ತಂದುಕೊಂಡೆ.